‘ಮಂಗ’ ಎಂದು ಹುಡುಕಿದವಳು

ಸಾಗರದಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಸಂಸ್ಥೆ ಇತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಜನರಿಗಾಗಿ ನಾವೊಂದು ಆ್ಯಪ್ ನಡೆಸುತ್ತಿದ್ದೆವು. ಬೇಸಾಯ, ಆರೋಗ್ಯ, ಸರ್ಕಾರಿ ಅರ್ಜಿ, ಮಕ್ಕಳ ಓದು, ಎಲ್ಲದರ ಬಗ್ಗೆಯೂ ಕನ್ನಡದಲ್ಲಿ ಬರೆದ ಪುಟಗಳು ಅದರಲ್ಲಿದ್ದವು. ಮೇಲುಗಡೆ ಒಂದು ಖಾಲಿ ಪೆಟ್ಟಿಗೆ. ಬೇಕಾದ್ದನ್ನು ಅಲ್ಲಿ ಬರೆದರೆ ಕೆಳಗೆ ಅದಕ್ಕೆ ಸಂಬಂಧಪಟ್ಟ ಪುಟಗಳು ಬರಬೇಕು. ಸರಿಯಾದ ಪುಟವೇ ಬರುವ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು.

ನಾನು ಇಂಜಿನಿಯರ್ ಅಲ್ಲ. ಕನ್ನಡ ಎಂ.ಎ. ಮಾಡಿ, ತೀರ್ಥಹಳ್ಳಿಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದವಳು. ಮುದ್ರಣಾಲಯ ಮುಚ್ಚಿದ ಮೇಲೆ ಈ ಕೆಲಸ ಸಿಕ್ಕಿತು. ಯಂತ್ರದ ಕಡೆಯದನ್ನು ಸಾಗರದವರೇ ಆದ ಒಬ್ಬ ಇಂಜಿನಿಯರ್ ನೋಡಿಕೊಳ್ಳುತ್ತಿದ್ದರು. ನನಗಿಂತ ಎರಡು ವರ್ಷ ದೊಡ್ಡವರು, ಮಾತು ಕಡಿಮೆ. ಪದಗಳ ಕಡೆಯದು ನನ್ನದು.

ಸೇರಿದ ಮೊದಲ ವಾರ ಅವರು ನನಗೊಂದು ಪಟ್ಟಿ ತೋರಿಸಿದರು. ಜನ ಆ ಪೆಟ್ಟಿಗೆಯಲ್ಲಿ ಏನೇನು ಬರೆದಿದ್ದಾರೆ ಎಂಬ ಪಟ್ಟಿ. ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಫೋನ್ ನಂಬರೂ ಇರಲಿಲ್ಲ. ತಾಲ್ಲೂಕು, ದಿನ, ಬರೆದ ಪದ, ಆಮೇಲೆ ಯಾವ ಪುಟ ತೆರೆದರು, ಎಷ್ಟು ಹೊತ್ತು ನೋಡಿದರು ಎಂಬುದಷ್ಟೇ. ವಾಕ್ಯಗಳಿರುತ್ತವೆ ಎಂದುಕೊಂಡಿದ್ದೆ ನಾನು. ಇದ್ದದ್ದು ಒಂದೊಂದು ಪದ, ಹೆಚ್ಚೆಂದರೆ ಎರಡು. ‘ಕೊಳೆ’. ‘ಪಹಣಿ’. ‘ಸೊಂಟ’. ‘ಹಸು ತಿನಲ್ಲ’. ‘ಮಗು ಹಲ್ಲು’.

“ಯಾಕಿಷ್ಟು ಚಿಕ್ಕದಾಗಿ ಬರೀತಾರೆ?” ಎಂದು ಕೇಳಿದೆ.

“ನಿಮ್ಮ ಫೋನಲ್ಲಿ ಕನ್ನಡ ಟೈಪ್ ಮಾಡಿ ನೋಡಿ. ಗೊತ್ತಾಗುತ್ತೆ,” ಎಂದರು.

ಮಾಡಿ ನೋಡಿದೆ. ಒತ್ತಕ್ಷರ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಕೇಳಬೇಕಾದ ಮಾತೇ ಮರೆತುಹೋಯಿತು. ಆದರೆ ಅದೊಂದೇ ಕಾರಣವಲ್ಲ ಎಂದು ಆಮೇಲಾಮೇಲೆ ನನಗೆ ಅನ್ನಿಸತೊಡಗಿತು. ನಮ್ಮ ಕಡೆಯ ಜನ ಗುರುತಿನವರ ಹತ್ತಿರ ಮಾತಾಡುವುದೇ ಹಾಗೆ. ಅಂಗಡಿಗೆ ಹೋಗಿ ‘ಬೆಲ್ಲ’ ಎಂದರೆ ಸಾಕು, ಇದು ಯಾರ ಮನೆಗೆ, ಎಷ್ಟು, ಯಾವ ಬೆಲ್ಲ ಎಂದು ಅಂಗಡಿಯವನಿಗೆ ಗೊತ್ತಿರುತ್ತದೆ. ಪೆಟ್ಟಿಗೆಯ ಆಚೆಗೂ ಗುರುತಿನವರು ಯಾರೋ ಕೂತಿದ್ದಾರೆ ಎಂಬಂತೆ ಅವರು ಬರೆಯುತ್ತಿದ್ದರು. ಕೂತಿದ್ದವಳು ನಾನು. ನನಗೆ ಯಾರ ಗುರುತೂ ಇರಲಿಲ್ಲ.

‘ಹಾಲು’ ಎಂದರೆ ಡೈರಿಗೆ ಹಾಕುವ ಹಾಲೋ, ಬಾಣಂತಿಯ ಎದೆಹಾಲೋ? ‘ಕಾರ್ಡು’ ಎಂದರೆ ಯಾವ ಕಾರ್ಡು? ಇಂಥ ಒಂದೊಂದು ಪದವನ್ನೂ ತೆಗೆದುಕೊಂಡು, ಅದನ್ನು ಬರೆದವರಲ್ಲಿ ಹೆಚ್ಚಿನವರು ಕೊನೆಗೆ ಯಾವ ಪುಟ ತೆರೆದಿದ್ದಾರೆ ಎಂದು ನೋಡಿ, ಆ ಪುಟವನ್ನು ಮೇಲಕ್ಕೆ ತರುತ್ತಿದ್ದೆ. ಸುಲಭದ ಕೆಲಸ ಎನ್ನಿಸುತ್ತಿತ್ತು. ಜನ ಹುಡುಕಿದ್ದು ಬೇಗ ಸಿಗುತ್ತಿದೆ ಎಂದು ಇಂಜಿನಿಯರ್ ಹೇಳಿದಾಗ ಹೆಮ್ಮೆಯೂ ಆಗುತ್ತಿತ್ತು.

‘ಮಂಗ’ ಎಂಬ ಪದ ಬಂದದ್ದು ಒಂದು ಮಳೆಗಾಲದಲ್ಲಿ. ಬರೆದವರೆಲ್ಲ ಹೆಚ್ಚುಕಡಿಮೆ ಒಂದೇ ಪುಟ ತೆರೆದಿದ್ದರು. ತೋಟಕ್ಕೆ ನುಗ್ಗುವ ಮಂಗಗಳನ್ನು ಓಡಿಸುವುದು ಹೇಗೆ ಎಂಬ ಪುಟ. ನನಗದು ಸಹಜವಾಗಿಯೇ ಕಂಡಿತು. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಹತ್ತಿರದ ಜಮೀನುದಾರರ ಮನೆಯಲ್ಲಿ. ಅಲ್ಲಿ ಮಂಗ ಎಂದರೆ ಬಾಳೆಗೊನೆ ಹಾಳು, ಏಲಕ್ಕಿ ಹಾಳು. ಅಪ್ಪ ಡಬ್ಬ ಬಡಿಯುತ್ತ ಓಡುವುದು. ನಾನು ಬರೆದೆ: ಮಂಗ, ಬೆಳೆ ರಕ್ಷಣೆ.

“ಮಂಗನ ಕಾಯಿಲೆ ಪುಟ?” ಎಂದು ಇಂಜಿನಿಯರ್ ಕೇಳಿದರು.

“ಅದು ಬೇಕಾದವರು ‘ಮಂಗನ ಕಾಯಿಲೆ’ ಅಂತಲೇ ಬರೀತಾರೆ,” ಎಂದೆ.

ಅವರು ತಲೆಯಾಡಿಸಿ ಹಾಗೆಯೇ ಮಾಡಿದರು.

ಆ ಕಾಯಿಲೆಯ ವಿಷಯ ತಿಳಿಯದವರಿಗಾಗಿ ಎರಡು ಮಾತು ಹೇಳಬೇಕು. ಬೇಸಿಗೆಯ ಕಡೆಗೆ ನಮ್ಮ ಕಾಡುಗಳಲ್ಲಿ ಒಮ್ಮೊಮ್ಮೆ ಮಂಗಗಳು ಸತ್ತು ಬೀಳುತ್ತವೆ. ಅವುಗಳ ಮೈಮೇಲಿದ್ದ, ರಕ್ತ ಹೀರುವ ಉಣ್ಣೆ ಹುಳುಗಳು ಸುತ್ತಲಿನ ಒಣ ಎಲೆಗಳಲ್ಲಿ ಹರಡಿಕೊಳ್ಳುತ್ತವೆ. ಅಂಥ ಕಡೆ ಓಡಾಡಿದವರಿಗೆ ಆ ಉಣ್ಣೆ ಕಚ್ಚಿದರೆ ಕೆಲವು ದಿನಗಳ ಮೇಲೆ ಜೋರು ಜ್ವರ, ತಲೆನೋವು, ಮೈಕೈ ನೋವು. ಬೇಗ ಗುರುತಿಸಿ ಆಸ್ಪತ್ರೆ ಸೇರಿದರೆ ಹೆಚ್ಚಿನವರು ಉಳಿಯುತ್ತಾರೆ. ಎಲ್ಲರೂ ಅಲ್ಲ.

ಮುಂದಿನ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಹೊಸನಗರದಾಚೆಯ ನಗರ ಎಂಬ ಊರಿನ ಕಡೆಯ ಆಶಾ ಕಾರ್ಯಕರ್ತೆಯೊಬ್ಬರು ಫೋನ್ ಮಾಡಿದರು. ಹಿಂದೆ ತರಬೇತಿಗೆ ಸಾಗರಕ್ಕೆ ಬಂದಿದ್ದಾಗ ಪರಿಚಯವಾಗಿದ್ದವರು. ಅಲ್ಲಿನ ಕೋಟೆಯ ಆಚೆಗಿನ ಹತ್ತಾರು ಮನೆಗಳಿಗೆ ನಡೆದೇ ಹೋಗಿಬರುವ ಗಟ್ಟಿ ಹೆಂಗಸು. ಹೋದಲ್ಲೆಲ್ಲ ನಮ್ಮ ಆ್ಯಪನ್ನು ಜನರ ಫೋನಿಗೆ ಹಾಕಿಕೊಡುತ್ತಿದ್ದರು.

“ಮೇಡಂ, ನಮ್ ಕಡೆ ಒಬ್ಳು ಹೋದ್ಲು,” ಎಂದರು. “ಮಂಗನ ಕಾಯ್ಲೆ. ಇನ್ನೂ ನಲವತ್ತೂ ಆಗಿರ್ಲಿಲ್ಲ ಕಣ್ರೀ. ಬರೀ ಜ್ವರ ಅಂತ ಮನೇಲೇ ಐದ್ ದಿನ ಮಲಗಿದ್ಲಂತೆ. ನಂಗೆ ಗೊತ್ತಾಗಿ ಕರ್ಕೊಂಡ್ ಹೋಗೋ ಹೊತ್ತಿಗೆ ಮೂಗಲ್ಲಿ ರಕ್ತ ಬರ್ತಿತ್ತು. ಘಟ್ಟದ ಕೆಳಗೆ ದೊಡ್ಡಾಸ್ಪತ್ರೆಗೂ ಹೋಯ್ತು. ಆಗ್ಲಿಲ್ಲ.”

ಅವರೇ ಮುಂದುವರಿಸಿದರು.

“ಅವ್ಳ ಫೋನಿಗೆ ನಿಮ್ ಆ್ಯಪ್ ನಾನೇ ಹಾಕ್ಕೊಟ್ಟಿದ್ದೆ. ಏನಾರೂ ಡೌಟ್ ಬಂದ್ರೆ ಅದ್ರಲ್ಲಿ ನೋಡು, ನಾ ಬರೋತನಕ ಕಾಯ್ಬೇಡ ಅಂದಿದ್ದೆ.”

ಅದರಲ್ಲಿ ದೂರು ಇರಲಿಲ್ಲ. ದುಃಖಕ್ಕೆ ಯಾರ ಹತ್ತಿರವಾದರೂ ಮಾತಾಡಬೇಕಾಗಿತ್ತು, ನನ್ನ ಹತ್ತಿರ ಮಾತಾಡಿದರು. ಫೋನ್ ಇಟ್ಟ ಮೇಲೆ ನಾನು ಪಟ್ಟಿ ತೆರೆದೆ. ಹೊಸನಗರ ತಾಲ್ಲೂಕು. ನಾಲ್ಕೈದು ವಾರ ಹಿಂದಕ್ಕೆ ಹೋದೆ.

‘ಮಂಗ’. ತೆರೆದ ಪುಟ, ತೋಟದಲ್ಲಿ ಮಂಗಗಳ ಹಾವಳಿ. ತೆರೆದ ಕೂಡಲೇ ಮುಚ್ಚಿದ್ದರು.

ಮತ್ತೆ ‘ಮಂಗ’. ಯಾವ ಪುಟವನ್ನೂ ತೆರೆದಿರಲಿಲ್ಲ.

‘ಮಂಗ ಸತ’. ಒತ್ತಕ್ಷರ ಸಿಕ್ಕಿರಲಿಲ್ಲ ಎಂದು ಕಾಣುತ್ತದೆ. ಬಂದದ್ದು ಮತ್ತೆ ಅದೇ ತೋಟದ ಪುಟ. ಅದನ್ನೂ ತೆರೆದಿರಲಿಲ್ಲ.

ಒಂದು ವಾರ ಬಿಟ್ಟು ‘ಉಣುಗು’. ಏನೂ ಸಿಕ್ಕಿಲ್ಲ ಎಂದು ಆ್ಯಪ್ ಹೇಳಿತ್ತು. ಅದರ ಬೆನ್ನಿಗೇ ‘ಜರ’. ಅದಕ್ಕೂ ಏನೂ ಸಿಕ್ಕಿಲ್ಲ.

ಆಮೇಲೆ ಆ ಪದಗಳು ಮತ್ತೆ ಬಂದಿರಲಿಲ್ಲ.

ಕಾಯಿಲೆಯ ಪುಟ ನಮ್ಮಲ್ಲಿತ್ತು. ಒಬ್ಬ ವೈದ್ಯರು ಬರೆದುಕೊಟ್ಟದ್ದು, ಕರಡು ತಿದ್ದಿದವಳು ನಾನು. ಅದರಲ್ಲಿ ಒಂದು ತಪ್ಪು ಅಕ್ಷರವಿರಲಿಲ್ಲ. ವೈದ್ಯರು ‘ಉಣುಗು’ ಎಂದೇ ಬರೆದಿದ್ದರು. ಪುಸ್ತಕದ ಪದವಿರಲಿ ಎಂದು ಅದನ್ನು ಎಲ್ಲ ಕಡೆಯೂ ‘ಉಣ್ಣೆ’ ಎಂದು ಬದಲಾಯಿಸಿದ್ದು ನಾನು. ‘ಜ್ವರ’ವನ್ನು ‘ಜರ’ ಎಂದು ಬರೆಯುವವರಿರುತ್ತಾರೆ ಎಂದು ನನಗೆ ಹೊಳೆದೇ ಇರಲಿಲ್ಲ.

ಇದು ಅವಳೇ ಎಂದು ಹೇಗೆ ಹೇಳುವುದು? ಪಟ್ಟಿಯಲ್ಲಿ ಹೆಸರಿಲ್ಲವಲ್ಲ. ತಾಲ್ಲೂಕಿನಲ್ಲಿ ಯಾರು ಬೇಕಾದರೂ ಬರೆದಿರಬಹುದು. ಎರಡು ದಿನ ಹೀಗೆ ನನಗೆ ನಾನೇ ಹೇಳಿಕೊಂಡೆ. ಮೂರನೆಯ ದಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ಆ ಮನೆಗೆ ನನ್ನನ್ನು ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದೆ. ಯಾಕೆ ಎಂದು ಅವರು ಕೇಳಲಿಲ್ಲ.

ಹೊಸನಗರದಲ್ಲಿ ಬಸ್ ಬದಲಾಯಿಸಿ ನಗರದಲ್ಲಿ ಇಳಿದೆ. ಅಲ್ಲಿಂದ ಇಬ್ಬರೂ ನಡೆದೆವು. ಬಿಸಿಲು ಕಾದಿತ್ತು. ದಾರಿಯುದ್ದಕ್ಕೂ ಒಣ ಎಲೆ ಕಾಲಡಿಗೆ ಸಿಕ್ಕಿ ಮುರಿಯುತ್ತಿತ್ತು. ಆಶಾ ಕಾರ್ಯಕರ್ತೆ ಸೀರೆ ಎತ್ತಿ ಕಟ್ಟಿ, ಕಾಲಿಗೆ ಉಣ್ಣೆ ಹತ್ತದಂಥ ಎಣ್ಣೆ ಹಚ್ಚಿಕೊಂಡು ಬಂದಿದ್ದರು. ನನಗೂ ಒಂದು ಬಾಟಲಿ ಕೊಟ್ಟು ಹಚ್ಚಿಕೊಳ್ಳಿ ಎಂದರು.

ಮನೆ ಚಿಕ್ಕದು, ಅಚ್ಚುಕಟ್ಟು. ತಾತನ ಕಾಲದಲ್ಲಿ ಗೇಣಿಗೆ ಮಾಡುತ್ತಿದ್ದ ಗದ್ದೆ ಈಗ ಅವರದೇ. ಸತ್ತವಳ ಗಂಡ ಗಾರೆ ಕೆಲಸದವರು. ಹನ್ನೊಂದನೆಯ ದಿನದ ಕಾರ್ಯ ಮುಗಿದಿತ್ತು. ಒಬ್ಬಳೇ ಮಗಳು ಹೊಸನಗರದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು, ಪರೀಕ್ಷೆ ಬರೆಯಲು ವಾಪಸ್ಸು ಹೋಗಿದ್ದಳು. ಅವರು ನಮಗೆ ಚಾಪೆ ಹಾಸಿ, ತಾವೇ ಒಳಗೆ ಹೋಗಿ ನೀರು, ಬೆಲ್ಲ ತಂದಿಟ್ಟರು. ಬೆಲ್ಲ ಯಾವ ಡಬ್ಬಿಯಲ್ಲಿದೆ ಎಂದು ಹುಡುಕುವ ಸದ್ದು ಹೊರಗೆ ಕೇಳುತ್ತಿತ್ತು.

ನಾನು ಯಾರು, ಏನು ಕೆಲಸ ಎಂದು ಹೇಳಿದೆ. ನಿಮ್ಮ ಹೆಂಡತಿಯ ಫೋನ್ ನೋಡಬಹುದೇ ಎಂದು ಕೇಳಿದೆ.

ಅವರು ಗೂಡಿನಿಂದ ಫೋನ್ ತಂದರು. “ಚಾರ್ಜ್ ಹಾಕ್ತಾ ಇರ್ತೀನಿ,” ಎಂದರು. “ಯಾಕೋ ಗೊತ್ತಿಲ್ಲ. ನಂಗೆ ಓದೋಕೆ ಬರಲ್ಲ, ಫೋನ್ ಮಾಡೋದು, ಎತ್ತೋದು ಅಷ್ಟೇ ಗೊತ್ತು.”

ನಮ್ಮ ಆ್ಯಪಿನಲ್ಲಿ ಪೆಟ್ಟಿಗೆಯನ್ನು ಮುಟ್ಟಿದರೆ ಹಿಂದೆ ಹುಡುಕಿದ್ದೆಲ್ಲ ಕೆಳಗೆ ಸಾಲಾಗಿ ಬರುತ್ತದೆ. ಮುಟ್ಟಿದೆ. ಎಲ್ಲಕ್ಕಿಂತ ಮೇಲೆ ‘ಜರ’. ಅದರ ಕೆಳಗೆ ‘ಉಣುಗು’. ಅದರ ಕೆಳಗೆ ‘ಮಂಗ ಸತ’.

ಇಷ್ಟು ಹೊತ್ತೂ ಒಂದು ಎಳೆ ಆಸೆ ಉಳಿದಿತ್ತು. ಅದೂ ಹೋಯಿತು.

ಹೇಳದೆ ಎದ್ದು ಬರಬಹುದಿತ್ತು. ಅವರಿಗೆ ಓದಲು ಬರುತ್ತಿರಲಿಲ್ಲ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವರು ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. ಹೇಳಿದೆ. ಅವಳು ನಮ್ಮನ್ನು ಕೇಳಿದಳು, ಐದು ಸಲ ಕೇಳಿದಳು, ಉತ್ತರ ನಮ್ಮ ಹತ್ತಿರ ಇತ್ತು, ಕೊಡಲಿಲ್ಲ ಎಂದೆ. ‘ಮಂಗ’ ಎಂದರೆ ತೋಟ ಎಂದು ಬರೆದವಳು ನಾನೇ ಎಂದೂ ಹೇಳಿದೆ.

ಅವರು ಅಂಗಳದ ಕಡೆ ತಿರುಗಿದರು.

“ನನ್ನೂ ಕೇಳಿದ್ಲು,” ಎಂದರು ಆಮೇಲೆ. “ದರಕು ಗುಡಿಸೋ ಜಾಗದಲ್ಲಿ ಮಂಗ ಸತ್ತು ಬಿದ್ದೈತೆ, ಎಂತ ಮಾಡೋದು ಅಂದ್ಲು. ಮುಟ್ಬೇಡ ಅಂದೆ. ಅಷ್ಟೇ ಅಂದೆ. ದರಕಿಗೆ ಹೋಗ್ಬೇಡ ಅನ್ಲಿಲ್ಲ. ಕೊಟ್ಟಿಗೆಗೆ ಬೇಕಿತ್ತಲ್ಲ.”

ದರಕು ಎಂದರೆ ಕಾಡಿನ ಒಣಗಿದ ಎಲೆ. ದನಗಳ ಕಾಲಡಿಗೆ ಹಾಸಲು ಬೇಸಿಗೆಯಲ್ಲಿ ಗುಡಿಸಿ ಹೊತ್ತು ತರುತ್ತಾರೆ. ನಮ್ಮ ಮನೆಯ ಕೊಟ್ಟಿಗೆಯಲ್ಲೂ ದರಕು ಇರುತ್ತಿತ್ತು. ಅದನ್ನು ಗುಡಿಸಿ ತರುತ್ತಿದ್ದವರು ನಮ್ಮ ಮನೆಯವರಲ್ಲ. ನನಗೆ ಮಂಗ ಎಂದರೆ ಬಾಳೆಗೊನೆ ಮಾತ್ರ ಯಾಕೆ ನೆನಪಾಯಿತು ಎಂಬುದು ಆ ಚಾಪೆಯ ಮೇಲೆ ಕೂತಾಗ ನನಗೆ ತಿಳಿಯಿತು.

“ನಿಮ್ದೂ ತಪ್ಪೈತೆ,” ಎಂದರು ಅವರು. ಸಿಟ್ಟಿಲ್ಲದ, ಕಲ್ಲಿಗೆ ಮಟ್ಟ ನೋಡಿ ಹೇಳುವಂಥ ದನಿ. “ನಂದೂ ಐತೆ.”

ನನಗೆ ಸಮಾಧಾನ ಹೇಳುವ ಗೋಜಿಗೆ ಅವರು ಹೋಗಲಿಲ್ಲ. ಅದು ಒಳ್ಳೆಯದೇ ಆಯಿತು. ಸಮಾಧಾನ ಹೇಳಿದ್ದರೆ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಫೋನಿನ ಕಡೆ ಬೆರಳು ತೋರಿಸಿದರು. “ಕೆಳಗೆ ಇನ್ನೂ ಎಂತೆಂತದೋ ಐತಲ್ಲ? ಅದೆಲ್ಲ ಅವ್ಳು ಬರ್ದಿದ್ದಾ?”

“ಹೌದು.”

“ಓದ್ರಿ.”

ಓದಬೇಕೋ ಬೇಡವೋ ಎಂದು ಹಿಂಜರಿದೆ. ಒಬ್ಬ ಹೆಂಗಸು ಒಬ್ಬಳೇ ಇದ್ದಾಗ ಕೇಳಿದ್ದು ಅದು. ಆಶಾ ಕಾರ್ಯಕರ್ತೆ ಮೆಲ್ಲಗೆ, “ಓದಿ ಮೇಡಂ,” ಎಂದರು. ಬೆರಳಿನಿಂದ ಸರಿಸುತ್ತ ಕೆಳಗಿನಿಂದ, ಹಳೆಯದರಿಂದ, ಓದತೊಡಗಿದೆ.

“ಬೆನ್ನು.”

“ಅದು ನಂಗೆ. ಕಟ್ಟಡದ ಸಾರ್ವೆ ಮೇಲಿಂದ ಬಿದ್ದಿದ್ದೆ. ಹದಿನೈದು ದಿನ ಏಳೋಕಾಗಿರ್ಲಿಲ್ಲ.”

“ಕರು ಬೇದಿ.”

“ಉಳೀತು ಅದು. ಈಗ ಕೊಟ್ಟಿಗೇಲಿ ಇರೋದು ಅದೇಯ.”

“ಹಾಸ್ಟೆಲ್.”

“ಮಗ್ಳನ್ನ ಹೊಸನಗ್ರಕ್ಕೆ ಸೇರ್ಸೋವಾಗ. ಅರ್ಜಿ ಹಾಕಿದ್ದೂ ಇವ್ಳೇ, ಬಿಟ್ಟು ಬಂದು ಎರಡ್ ದಿನ ಅತ್ತಿದ್ದೂ ಇವ್ಳೇ.”

“ಸಿಗಂದೂರು ಲಾಂಚ್.”

“ದೇವೀಗೆ ಹರಕೆ ಇತ್ತು. ಹೋಗೋಕೇ ಆಗ್ಲಿಲ್ಲ. ಈಗ ಹಿನ್ನೀರಿಗೆ ಸೇತುವೇನೇ ಆಯ್ತಂತಲ್ಲ.”

ಒಂದೊಂದು ಪದಕ್ಕೂ ಅವರ ಹತ್ತಿರ ಒಂದು ಇಡೀ ಕತೆ ಇತ್ತು. ನಾನು ತಿಂಗಳುಗಟ್ಟಲೆ ಪಟ್ಟಿ ಮುಂದಿಟ್ಟುಕೊಂಡು ಊಹಿಸುತ್ತಿದ್ದದ್ದನ್ನು ಓದು ಬಾರದ ಈ ಮನುಷ್ಯ ಕೇಳಿದ ಕೂಡಲೇ ಹೇಳುತ್ತಿದ್ದರು. ಹೇಳುವಾಗ ಅವರ ಮುಖ ಸ್ವಲ್ಪ ಬೆಳಗುತ್ತಲೂ ಇತ್ತು.

ಮುಂದಿನ ಪದ ‘ಕುಡಿತ ಬಿಡಸು’. ಅದನ್ನು ಬಿಟ್ಟು ಅದರ ಮೇಲಿನದಕ್ಕೆ ಹೋದೆ.

ಅವರು ತಲೆಯೆತ್ತಿದರು. “ಒಂದು ಬಿಟ್ರಿ.”

ನಾನು ಬೆರಳನ್ನು ಮತ್ತೆ ಅದರ ಮೇಲೆ ತಂದೆ.

“ಕುಡಿಯೋದ್ರ ಬಗ್ಗೆ ಇರ್ಬೇಕಲ್ಲ? ಇಲ್ದೆ ಇರಲ್ಲ ಅದು. ಓದ್ರಿ, ಪರ್ವಾಗಿಲ್ಲ. ಬಿಟ್ಟು ಒಂದು ವರ್ಷ ಆಯ್ತು. ಅವ್ಳೇ ಬಿಡಿಸಿದ್ದು.”

ಓದಿದೆ. ಅವರು ಕಣ್ಣು ಒರೆಸಿಕೊಂಡರು. ಮತ್ತೆ ಮುಂದಿನದು ಎಂದು ಕೈ ಮಾಡಿದರು.

“ಹತನೆ ದೊಡವರು.”

ಅವರಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಓದಿದೆ. “ಹತ್ತನೇ ಕ್ಲಾಸು, ದೊಡ್ಡವರಿಗೆ. ದೊಡ್ಡವರಾದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟೋದು ಹೇಗೆ ಅಂತ ಕೇಳಿರಬೇಕು,” ಎಂದೆ.

“ಯಾರಿಗೆ?”

ಅವರು ಆಶಾ ಕಾರ್ಯಕರ್ತೆಯ ಕಡೆ ತಿರುಗಿದರು. “ನಿಂಗೆ ಗೊತ್ತಿತ್ತಾ?”

“ಒಂದ್ಸಲ ಕೇಳಿದ್ಲು,” ಎಂದರು ಆಕೆ. “ನಂಗೆ ಏಳನೇ ಕ್ಲಾಸಿಗೇ ಬಿಡ್ಸಿದ್ರು, ಈಗ ಕಟ್ಬೋದಾ ಅಂತ. ನಗ್ತಾ ಕೇಳಿದ್ಲು. ನಾನೂ ನಕ್ಕಿದ್ದೆ.”

“ನಂಗೆ ಹೇಳ್ಲೇ ಇಲ್ಲ,” ಎಂದರು ಗಂಡ. ಆಮೇಲೆ ನನ್ನನ್ನು ಕೇಳಿದರು. “ಅದಕ್ಕಾದ್ರೂ ನಿಮ್ದು ಸರಿಯಾಗಿ ಹೇಳ್ತಾ?”

ಮುಟ್ಟಿ ನೋಡಿದೆ. ಹತ್ತನೇ ತರಗತಿಯ ಮಕ್ಕಳು ಪರೀಕ್ಷೆಗೆ ತಯಾರಾಗುವುದು ಹೇಗೆ ಎಂಬ ಪುಟ ಬಂತು.

“ಇಲ್ಲ,” ಎಂದೆ.

ಬರುವಾಗ ಅವರು ಗದ್ದೆಯ ಅಂಚಿನ ತನಕ ಜೊತೆಗೆ ಬಂದರು.

ಸಾಗರಕ್ಕೆ ಮರಳಿದ ಮರುದಿನ ಇಂಜಿನಿಯರಿಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಮಂಗ’ ಎಂದು ಬರೆದರೆ ಕಾಯಿಲೆಯ ಪುಟವನ್ನೇ ಮೊದಲು ತರೋಣ ಎಂದೆ. ಆಗ ಅವರು ತಡೆದರು.

“ಹತ್ತು ಜನದಲ್ಲಿ ಒಂಬತ್ತು ಜನಕ್ಕೆ ತೋಟದ್ದೇ ಬೇಕು. ಅವರಿಗೆ ಕಾಯಿಲೆ ಪುಟ ಬಂದ್ರೆ ಎರಡನೇ ಸಲ ಪೆಟ್ಟಿಗೆ ಮುಟ್ಟಲ್ಲ.”

“ಹತ್ತನೆಯವಳು ಎರಡನೇ ಸಲ ಮುಟ್ಟೋಕೆ ಇರಲ್ಲ,” ಎಂದೆ. ದನಿ ಏರಿತ್ತು. ಪಕ್ಕದ ಕೋಣೆಯವರು ಬಾಗಿಲಿಗೆ ಬಂದು ನೋಡಿದರು.

ಅವರು ಸಿಟ್ಟಾಗಲಿಲ್ಲ. “ಹಾಗಾದ್ರೆ ನಾವು ಊಹೆ ಮಾಡೋದೇ ಬೇಡ,” ಎಂದರು. “ಕೇಳೋಣ.”

ಹಾಗೆ ಮಾಡಿದೆವು. ‘ಮಂಗ’ ಎಂದು ಬರೆದರೆ ಪುಟಗಳು ಬರುವ ಮೊದಲು ಮೂರು ದೊಡ್ಡ ಗುಂಡಿಗಳು ಬರುವಂತೆ ಮಾಡಿದೆವು. ‘ತೋಟಕ್ಕೆ ಬರ್ತಾ ಇದೆ’, ‘ಸತ್ತು ಬಿದ್ದಿದೆ’, ‘ಜ್ವರ ಬಂದಿದೆ’. ಎರಡನೆಯದನ್ನು ಒತ್ತಿದರೆ ಅತ್ತ ಹೋಗಬೇಡಿ, ದರಕು ತರಬೇಡಿ, ಆರೋಗ್ಯ ಕೇಂದ್ರಕ್ಕೆ ಈಗಲೇ ತಿಳಿಸಿ ಎಂಬ ಮೂರು ಸಾಲು; ಓದು ಬಾರದವರಿಗೆ ಅದನ್ನೇ ಓದಿ ಹೇಳುವ ದನಿ. ಇನ್ನೊಂದನ್ನೂ ಬದಲಾಯಿಸಿದೆವು. ಅಲ್ಲಿಯ ತನಕ ಯಾರಾದರೂ ಪದ ಬರೆದು ಪುಟ ತೆರೆಯದೆ ಹೋದರೆ ಅವರಿಗೆ ಆಸಕ್ತಿಯಿಲ್ಲ ಎಂದು ಬಿಟ್ಟುಬಿಡುತ್ತಿದ್ದೆವು. ಈಗ ಒಂದೇ ಪದವನ್ನು ಎರಡು ಸಲ ಬರೆದು ಏನನ್ನೂ ತೆರೆಯದವರ ಪದ ಅಂದೇ ನನ್ನ ಮೇಜಿಗೆ ಬರುತ್ತಿತ್ತು.

ಅದಾದ ಮೇಲೆ ಪದಗಳು. ಇಂಜಿನಿಯರ್ ನನ್ನ ಮುಂದೆಯೇ ಮನೆಗೆ ಫೋನ್ ಮಾಡಿ, “ಅಮ್ಮಾ, ಉಣ್ಣೆಗೆ ಎಂಗೊ ಎಂತ ಹೇಳ್ತ್ಯ?”, ಅಂದರೆ ನಾವು ಅದಕ್ಕೆ ಏನನ್ನುತ್ತೇವೆ, ಎಂದು ತಮ್ಮ ಮನೆಮಾತಿನಲ್ಲಿ ಕೇಳಿದರು. ಆ ಕಡೆಯಿಂದ, “ಉಣುಗು. ಎಂತಕ್ಕೆ ಈಗ ಅದು?” ಎಂಬ ಉತ್ತರ ನನಗೂ ಕೇಳಿಸಿತು. ಒಂದು ಫೋನ್ ಮಾಡುವಷ್ಟು ಕೆಲಸ. ನಾನು ಮೇಳಿಗೆಗೆ ಹೋಗಿ, ನಮ್ಮ ಮನೆಗೆ ವರ್ಷಗಳಿಂದ ಕೆಲಸಕ್ಕೆ ಬರುತ್ತಿದ್ದ ಹೆಂಗಸರ ಜೊತೆ ಕೊಟ್ಟಿಗೆಯ ಜಗಲಿಯ ಮೇಲೆ ಕೂತು, ಜ್ವರ ಬಂದರೆ ಏನೆನ್ನುತ್ತೀರಿ, ಮೈ ನೋವಿಗೆ ಏನೆನ್ನುತ್ತೀರಿ ಎಂದು ಕೇಳಿ ಬರೆದುಕೊಂಡೆ. ಅವರು ಮೊದಲು ನಕ್ಕರು. ಆಮೇಲೆ ಹೇಳುತ್ತ ಹೋದರು. ಅರ್ಧ ಪದಗಳು ನಾನು ಕೇಳಿಯೇ ಇರಲಿಲ್ಲ.

ಹೊಸದು ಸಿದ್ಧವಾದ ಮೇಲೆ ನಗರಕ್ಕೆ ಹೋಗಿ ಸತ್ತವಳ ಗಂಡನಿಗೆ ತೋರಿಸಿದೆ. ಆ ದಿನ ಮಗಳು ಮನೆಯಲ್ಲಿದ್ದಳು. ಅವಳೇ ‘ಮಂಗ’ ಎಂದು ಬರೆದಳು, ಮೂರು ಗುಂಡಿಗಳನ್ನೂ ಅಪ್ಪನಿಗೆ ಓದಿ ಹೇಳಿದಳು. ಅವರು ಎರಡನೆಯದನ್ನು ಒತ್ತಿ, ಬಂದ ದನಿಯನ್ನು ಪೂರ್ತಿ ಕೇಳಿದರು.

“ಇದ್ನ ಮಾಡೋಕೆ ಬಾಳ ಕಷ್ಟ ಆಯ್ತಾ ಮೇಡಂ?”

“ಇಲ್ಲ,” ಎಂದೆ. ಸುಳ್ಳು ಹೇಳಲು ಆಗಲಿಲ್ಲ. “ಎರಡು ದಿನದ ಕೆಲಸ.”

ಅವರು ಫೋನನ್ನು ಮಗಳ ಕೈಗೆ ಕೊಟ್ಟು ಎದ್ದು ಹಿತ್ತಲಿಗೆ ಹೋದರು. ನಾನು ಹೊರಡುವ ತನಕ ಈಚೆಗೆ ಬರಲಿಲ್ಲ.

ಇನ್ನು ಅವರು ನನ್ನೊಡನೆ ಮಾತಾಡುವುದಿಲ್ಲ ಎಂದುಕೊಂಡಿದ್ದೆ. ಆದರೆ ಹದಿನೈದು ದಿನದ ಮೇಲೆ ಅವರದೇ ಫೋನ್ ಬಂತು.

“ಮೇಡಂ, ಒಂದು ಮಾತು ನೆನಪಾಯ್ತು. ತಲೆ ನೋವು ಜೋರಾದ್ರೆ ಅವ್ಳು ‘ತಲೆ ಒಡೀತದೆ’ ಅಂತಿರ್ಲಿಲ್ಲ, ‘ತಲೆ ಹಾರ್ತದೆ’ ಅಂತಿದ್ಲು. ಬರ್ಕೊಳ್ಳಿ, ಯಾರಾದ್ರೂ ಹಂಗೂ ಹುಡುಕ್ಬೋದು.”

ಬರೆದುಕೊಂಡೆ. ಅಂದಿನಿಂದ ಅದೇ ಒಂದು ರೂಢಿಯಾಯಿತು. ಕೆಲಸದ ನಡುವೆ, ಚಹಾ ಕುಡಿಯಲು ಕೂತಾಗ ಅವರು ಫೋನ್ ಮಾಡುತ್ತಿದ್ದರು. ಹಿಂದೆ ಸಿಮೆಂಟು ಕಲಸುವ ಸದ್ದು ಕೇಳುತ್ತಿತ್ತು. ನಮಸ್ಕಾರ, ಚೆನ್ನಾಗಿದ್ದೀರಾ ಎಂಬುದೆಲ್ಲ ಇಲ್ಲ. ಒಂದು ಪದ ಹೇಳಿ, ಅವಳು ಅದನ್ನು ಯಾವಾಗ ಹೇಳಿದ್ದಳು ಎಂದು ಹೇಳಿ, ಬರ್ಕೊಂಡ್ರಾ ಎಂದು ಕೇಳಿ ಇಟ್ಟುಬಿಡುತ್ತಿದ್ದರು. ಮಗಳಿಗೆ ಹಾಲು ಬಿಡಿಸುವಾಗ ಹೇಳಿದ್ದು. ಅತ್ತೆಗೆ ಲಕ್ವ ಹೊಡೆದಾಗ ಹೇಳಿದ್ದು. ಕೆಲವು ನಮಗೆ ಉಪಯೋಗಕ್ಕೆ ಬರುವ ಪದಗಳೇ ಅಲ್ಲ. ಅವನ್ನೂ ಬರೆದುಕೊಂಡೆ. ಒಂದು ದಿನ ಅವರು ಹೇಳಿದ್ದು ಸಿಟ್ಟು ಬಂದಾಗ ಅವಳು ತಮ್ಮನ್ನು ಬಯ್ಯುತ್ತಿದ್ದ ಮಾತು. ಹೇಳಿ ಅವರೇ ನಕ್ಕರು. ನಕ್ಕವರು ಬರ್ಕೊಂಡ್ರಾ ಎಂದು ಕೇಳದೆ ಫೋನ್ ಇಟ್ಟರು.

ಮುಂದಿನ ಬೇಸಿಗೆಯಲ್ಲಿ ತೀರ್ಥಹಳ್ಳಿ ತಾಲ್ಲೂಕಿನಿಂದ ಯಾರೋ ‘ಮಂಗ’ ಎಂದು ಬರೆದು ‘ಸತ್ತು ಬಿದ್ದಿದೆ’ಯನ್ನು ಒತ್ತಿದರು. ಅದು ನನ್ನ ಪರದೆಯ ಮೇಲೆ ಬಂತು. ಅವರು ಮೂರು ಸಾಲನ್ನೂ ತೆರೆದು, ದನಿಯನ್ನು ಎರಡು ಸಲ ಕೇಳಿದ್ದರು. ಆಮೇಲೆ ಏನು ಮಾಡಿದರು, ಆ ಕಡೆ ದರಕಿಗೆ ಹೋದರೋ ಇಲ್ಲವೋ ನನಗೆ ತಿಳಿಯುವ ದಾರಿಯಿರಲಿಲ್ಲ. ಇಂಜಿನಿಯರ್ ಬಂದು ಪರದೆ ನೋಡಿ ನನ್ನ ಹೆಗಲು ತಟ್ಟಿ ಹೋದರು. ನನಗೆ ಸಂತೋಷವಾಗಲಿಲ್ಲ. ಕಳೆದ ವರ್ಷವೂ ಇದು ಹೀಗೆಯೇ ಇರಬಹುದಿತ್ತಲ್ಲ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಅವರ ಫೋನ್ ವಾರಕ್ಕೊಂದಿದ್ದದ್ದು ತಿಂಗಳಿಗೊಂದಾಯಿತು. ಕೆಲವೊಮ್ಮೆ ಮೊದಲೇ ಹೇಳಿದ ಪದವನ್ನೇ ಮತ್ತೆ ಹೇಳುತ್ತಿದ್ದರು. ಮೊದಲ ಸಲ ಕೇಳಿದಂತೆಯೇ ಹೂಂಗುಟ್ಟುತ್ತಿದ್ದೆ. ಮಗಳು ಶಿವಮೊಗ್ಗದಲ್ಲಿ ಡಿಗ್ರಿಗೆ ಸೇರಿದಳು. ದನ ಕೊಟ್ಟುಬಿಟ್ಟೆ, ಈಗ ದರಕಿನ ಕೆಲಸ ಇಲ್ಲ ಎಂದು ಒಮ್ಮೆ ಹೇಳಿದರು.

ಕೊನೆಯ ಸಲ ಅವರು ಮಾತಾಡಿದ್ದು ಒಂದು ಶ್ರಾವಣದ ಬೆಳಿಗ್ಗೆ. ಪದ ಹೇಳುತ್ತಾರೆಂದು ನಾನು ಪೆನ್ನು ಕೈಗೆತ್ತಿಕೊಂಡಿದ್ದೆ.

“ಮೇಡಂ, ಯಾವ್ದೂ ನೆನಪಾಗ್ತಿಲ್ಲ,” ಎಂದರು. “ಒಂದು ತಿಂಗ್ಳಿಂದ ಯೋಚ್ನೆ ಮಾಡ್ತಾ ಇದ್ದೀನಿ. ಕೆಲ್ಸ ಮಾಡ್ತಾ ಮಾಡ್ತಾ ನೆನಪು ಮಾಡ್ಕೊಳ್ತೀನಿ. ಬರ್ತಾ ಇಲ್ಲ. ಮುಗೀತು ಅನ್ಸುತ್ತೆ.”

“ನಿಧಾನವಾಗಿ ಬರುತ್ತೆ,” ಎಂದೆ. “ಪದ ಇಲ್ಲದಿದ್ರೂ ಫೋನ್ ಮಾಡಿ.”

“ಸುಮ್ನೆ ಎಂತ ಮಾತಾಡೋದು?” ಎಂದರು. ಆ ಕಡೆ ಯಾರೋ ಅವರನ್ನು ಕೆಲಸಕ್ಕೆ ಕರೆದರು. “ಹೋಗ್ತೀನಿ ಮೇಡಂ,” ಎಂದು ಇಟ್ಟರು.

ಆಮೇಲೆ ನಾನೇ ಎರಡು ಸಲ ಫೋನ್ ಮಾಡಿದೆ. ಅವರು ಎತ್ತಲಿಲ್ಲ.